ಅಮ್ಮಾನ್‌ನಲ್ಲಿ ಇರಾಕ್, ಸಿರಿಯಾದ ನಿರಾಶ್ರಿತರ ಒಟ್ಟಿಗೆ ಮೂರು ವರ್ಷ: "ಸಿಸ್ಟರ್, ನೀವು ಅಲ್ಲಿ ಎಂತ ಮಾಡುವುದು?"

ಬೆಳ್ತಂಗಡಿ ಸಿಸ್ಟರ್:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ರಜೆಗೆ ಊರಿಗೆ ಬಂದಿದ್ದೆ, 2022ರಲ್ಲಿ ಜೋರ್ಡಾನಿಗೆ ಹೋದ ಮೇಲೆ ಮೊದಲ ಸಲ. ಚರ್ಚಿನ ಅಂಗಳದಲ್ಲಿ, ಬಸ್ಸಲ್ಲಿ, ಸಂತೆಯಲ್ಲಿ ಸಿಕ್ಕಿದವರೆಲ್ಲ ಕೇಳಿದ್ದು ಒಂದೇ, ಸಿಸ್ಟರ್ ನೀವು ಅಲ್ಲಿ ಎಂತ ಮಾಡುವುದು ಅಂತ. ನಿಂತಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಹಾಗೆ ಇಲ್ಲಿ ಬರೀತಾ ಇದ್ದೇನೆ. ನನಗೆ 28 ವರ್ಷ. ನಾವು ನಾಲ್ಕು ಜನ ಸಿಸ್ಟರ್ಸ್ ಜೋರ್ಡಾನಿನ ರಾಜಧಾನಿ ಅಮ್ಮಾನಿನ ಒಂದು ಗುಡ್ಡದ ಮೇಲೆ ಬಾಡಿಗೆ ಮನೆಯಲ್ಲಿ ಇದ್ದೇವೆ. ಅಮ್ಮಾನ್ ಅಂದ್ರೆ ಎಲ್ಲ ಗುಡ್ಡಗಳೇ, ಒಂದೊಂದಕ್ಕೂ ಜಬಲ್ ಅಂತ ಹೆಸರು, ಒಂದು ಬೀದಿಯಿಂದ ಇನ್ನೊಂದಕ್ಕೆ ನೂರಾರು ಮೆಟ್ಟಿಲು. ನಿರಾಶ್ರಿತರ ಮನೆ ಹೆಚ್ಚಾಗಿ ಕಟ್ಟಡದ ಅಡಿಯಲ್ಲಿ ಇರುತ್ತದೆ, ಬಾಡಿಗೆ ಕಡಿಮೆ ಅಂತ. ಬಿಸಿಲು ಬರುವುದಿಲ್ಲ, ಗೋಡೆಯಲ್ಲಿ ತೇವ, ಚಳಿಗಾಲದಲ್ಲಿ ಒಂದೇ ರೂಮಲ್ಲಿ ಸೋಬಾ ಹಚ್ಚಿ, ಅಂದ್ರೆ ಸೀಮೆಎಣ್ಣೆಯ ಹೀಟರ್, ಅದರ ಸುತ್ತ ಇಡೀ ಮನೆಯವರು.

ಬೆಳಿಗ್ಗೆ ಪ್ರಾರ್ಥನೆ, ಪೂಜೆ. ಆಮೇಲೆ ಮನೆ ಭೇಟಿ. ಮಧ್ಯಾಹ್ನ ಚರ್ಚಿನ ಹಾಲಲ್ಲಿ ಮಕ್ಕಳಿಗೆ ಇಂಗ್ಲಿಷು, ಲೆಕ್ಕ. ಸಂಜೆ ಹೆಂಗಸರ ಹೊಲಿಗೆ ಕ್ಲಾಸು. ಟೈಮ್‌ಟೇಬಲ್ ಕೇಳಿದ್ರೆ ಇಷ್ಟೇ. ಆದ್ರೆ ಇಡೀ ದಿವಸದಲ್ಲಿ ನಾನು ಹೆಚ್ಚು ಮಾಡುವುದು ಕೂತುಕೊಳ್ಳುವುದು. ಚಾಪೆ ಮೇಲೆ, ತೆಳು ಹಾಸಿಗೆ ಮೇಲೆ, ಗೋಡೆಗೆ ಒರಗಿ, ಚಾ ಕುಡಿದು.

ಅದನ್ನು ಕಲಿತದ್ದು ಒಂದು ತಪ್ಪು ಮಾಡಿ. ಹೋದ ಹೊಸತು, ಇರಾಕಿನ ಖರಖೋಶ್ ಅಂತ ಕ್ರೈಸ್ತರ ಊರಿನ ಒಬ್ಬರು ಅಮ್ಮನ ಮನೆಗೆ ಹೋದೆ (ಹೆಸರು ಬರೆಯುವುದಿಲ್ಲ, ಬೇರೆ ದೇಶಕ್ಕೆ ಹೋಗುವ ಅರ್ಜಿ, ಅವರ ಫೈಲು ಇನ್ನೂ ಓಡ್ತಾ ಉಂಟು). ಚಾ ಬಂತು. ನಾನು ಗೊತ್ತಿದ್ದ ಅರ್ಧಂಬರ್ಧ ಅರೇಬಿಕ್‌ನಲ್ಲಿ, ನೀವು ಊರು ಬಿಟ್ಟದ್ದು ಯಾವಾಗ, ಹೇಗೆ ಬಂದ್ರಿ, ಯಾರ್ಯಾರು ಇದ್ರು ಅಂತ ಕೇಳಿದೆ. ಪ್ರೀತಿಯಿಂದಲೇ ಕೇಳಿದ್ದು. ಅವರು ಎದ್ದು ಕಪಾಟಿಂದ ಒಂದು ಪ್ಲಾಸ್ಟಿಕ್ ಫೈಲ್ ತಂದು ನನ್ನ ಮುಂದೆ ಇಟ್ಟರು, ನೆಟ್ಟಗೆ ಕೂತರು, ಮತ್ತೆ ಸ್ವರ ಬದಲಾಯಿತು, ಪಾಠ ಒಪ್ಪಿಸಿದ ಹಾಗೆ ಶುರು ಮಾಡಿದರು. ಐಸಿಸ್‌ನವರು ಬರ್ತಾರೆ ಅಂತ ಊರು ಬಿಟ್ಟದ್ದು 2014 ಆಗಸ್ಟ್ 6ರ ರಾತ್ರಿ, ಗಂಟೆ ಇಷ್ಟು, ಕಾರಲ್ಲಿ ಇಷ್ಟು ಜನ, ಎರ್ಬಿಲ್ ಪಟ್ಟಣ ತಲುಪಿದ್ದು ಇಷ್ಟೊತ್ತಿಗೆ, ಚರ್ಚಿನ ತೋಟದಲ್ಲಿ ಮಲಗಿದ್ದು ಇಷ್ಟು ದಿವಸ. ಆ ಕಥೆಯನ್ನು ಅವರು ಯುಎನ್ ಆಫೀಸಲ್ಲಿ, ಎಂಬಸಿಯಲ್ಲಿ, ಯಾವ್ಯಾವುದೋ ಸಂಸ್ಥೆಯವರ ಮುಂದೆ ಎಷ್ಟು ಸಲ ಹೇಳಿದ್ದಾರೋ ಏನೋ. ಒಂದು ತಾರೀಖು ಆಚೀಚೆ ಆದ್ರೆ ಅರ್ಜಿ ಬಿದ್ದು ಹೋಗ್ತದೆ ಅಂತ ಹೆದರಿಕೆ. ನನ್ನನ್ನೂ ಒಬ್ಬಳು ಆಫೀಸರ್ ಮಾಡಿಬಿಟ್ಟೆ ನಾನು. ಹೊರಗೆ ಬಂದು ಮೆಟ್ಟಿಲಲ್ಲಿ ಕೂತು ಅತ್ತೆ.

ನಮ್ಮ ಹಿರಿಯ ಸಿಸ್ಟರ್ ಬೈಯಲಿಲ್ಲ. ಕಥೆ ಕೇಳಬೇಡ, ಅವರಾಗಿ ಹೇಳಿದ್ರೆ ಎದ್ದು ಬರಬೇಡ, ಅಷ್ಟೇ ಅಂದರು.

ಮುಂದಿನ ವಾರ ಅದೇ ಮನೆಗೆ ಪುನಃ ಹೋದೆ, ಏನೂ ಕೇಳಲಿಲ್ಲ. ಅವರು ಊಟಕ್ಕೆ ಕೂರಿಸಿ ಬಾಟಲಿಯಿಂದ ಹಳದಿ ಬಣ್ಣದ್ದೊಂದು ಬಡಿಸಿದರು. ಮೆಂತ್ಯದ ವಾಸನೆ! ಬಾಯಿಗೆ ಇಟ್ಟರೆ ಮಾವಿನಕಾಯಿ ಉಪ್ಪಿನಕಾಯಿ ಮಾರಾಯ್ರೆ. ಎಂತ ಇದು ಅಂತ ಕೇಳಿದ್ರೆ "ಅಂಬಾ" ಅಂದರು. ಮರಾಠಿಯಲ್ಲಿ ಮಾವಿಗೆ ಹೇಳುವ ಅದೇ ಶಬ್ದ, ನಮ್ಮ ಕಡಲ ಕಡೆಯಿಂದ ಬಸ್ರಾಕ್ಕೆ ಹೋದ ವ್ಯಾಪಾರದ ಒಟ್ಟಿಗೆ ಹೋದದ್ದು, ಇರಾಕಿನಲ್ಲಿ ಈಗ ಮನೆಮನೆಯ ವಸ್ತು. ನಮ್ಮ ಅಮ್ಮ ಮಾಡುವ ಉಪ್ಪಿನಕಾಯಿ ಹೇಗೆ ಅಂತ ಕೈ ಬಾಯಿ ಎಲ್ಲ ತಿರುಗಿಸಿ ಹೇಳಿದೆ. ಅವರು ನಗ್ತಾ ನಗ್ತಾ ನನ್ನ ಅರೇಬಿಕ್ ತಿದ್ದಿದರು. ಆ ದಿವಸದಿಂದ ನಾನು ಅವರಿಗೆ "ಬಿಂತಿ", ನನ್ನ ಮಗಳೇ.

ಕೇಳಲಿಕ್ಕೆ ಇದ್ದರೆ ಕೇಳಿ, ಗೊತ್ತಿದ್ದದ್ದು ಹೇಳ್ತೇನೆ.

ಜುಬೈಲ್ ಬ್ಯಾರಿ:

ಸಿಸ್ಟರ್ ನಮಸ್ಕಾರ, ನಾನು ಉಳ್ಳಾಲದವ, ಸೌದಿ ಜುಬೈಲಲ್ಲಿ 11 ವರ್ಷ ಆಯ್ತು. ಆ ಫೈಲಿನ ವಿಷಯ ಓದಿ ಮನಸ್ಸಿಗೆ ತಾಗಿತು. ನನ್ನ ರೂಮಲ್ಲಿ ಸಿರಿಯಾದ ಹೋಮ್ಸ್‌ನ ಒಬ್ಬ ಎಲೆಕ್ಟ್ರಿಷಿಯನ್ ಇದ್ದ, ಎರಡು ವರ್ಷ ಒಟ್ಟಿಗೆ ಅಡುಗೆ ಮಾಡಿ ತಿಂದಿದ್ದೇವೆ, ಒಂದು ದಿನವೂ ಊರಿನ ಮಾತು ಎತ್ತಲಿಲ್ಲ ಅವ. ಒಂದ್ಸಲ ಮಳೆ ಬಂತು, ಅಪರೂಪದ ಮಳೆ, ಬಾಗಿಲಲ್ಲಿ ನಿಂತು ನಮ್ಮ ಮನೆ ಮಾಡಿನ ಮೇಲೆ ಮಳೆ ಬಿದ್ರೆ ಹೀಗೇ ಶಬ್ದ ಬರ್ತಿತ್ತು ಅಂದ, ಅಷ್ಟೇ, ಆಮೇಲೆ ಒಳಗೆ ಹೋಗಿ ಮಲಗಿದ. ನಿಮ್ಮಲ್ಲಿ ಮಾತಾಡುವುದು ಶಾಮಿ, ಅಂದ್ರೆ ಸಿರಿಯಾ ಜೋರ್ಡಾನ್ ಕಡೆಯ ಅರೇಬಿಕ್ ಅಲ್ವಾ? ನಮ್ಮ ಖಲೀಜಿಗೂ, ಅಂದ್ರೆ ಗಲ್ಫಿನವರ ಅರೇಬಿಕ್‌ಗೂ ಅದಕ್ಕೂ ಅಜಗಜಾಂತರ.

ಬೆಳ್ತಂಗಡಿ ಸಿಸ್ಟರ್:

ಹೌದು, ಶಾಮಿ. ಪುಸ್ತಕದ ಫುಸ್‌ಹಾ ಹತ್ತು ತಿಂಗಳು ಕಲಿತು ಬೀದಿಗೆ ಇಳಿದ್ರೆ ಒಂದು ಶಬ್ದ ಅರ್ಥ ಆಗ್ಲಿಲ್ಲ. ಸಿರಿಯಾದವರು "ಕೀಫಿಕ್" ಅಂತಾರೆ, ಇರಾಕಿನವರು "ಶ್ಲೋನಿಚ್", ಎರಡೂ ಹೇಗಿದ್ದೀಯಾ ಅಂತಲೇ. ಇರಾಕಿನವರು ಅದರ ಮೇಲೆ "ಶಕು ಮಾಕು" ಅಂತ ಬೇರೆ ಕೇಳ್ತಾರೆ, ಏನುಂಟು ಏನಿಲ್ಲ ಅಂತ. ನನಗೆ ಎಲ್ಲಕ್ಕಿಂತ ಇಷ್ಟದ್ದು, ಯಾರಾದ್ರೂ ಕೆಲಸ ಮಾಡ್ತಾ ಇದ್ರೆ ದಾರಿಯಲ್ಲಿ ಹೋಗುವವ ಹೇಳುವ ಮಾತು: "ಯಾತೀಕ್ ಅಲ್ ಆಫ್ಯೆ", ದೇವರು ನಿನಗೆ ಆರೋಗ್ಯ ಕೊಡಲಿ. ಕಸ ಗುಡಿಸುವವರಿಗೂ ಹೇಳ್ತಾರೆ, ಬಸ್ ಇಳಿಯುವಾಗ ಡ್ರೈವರಿಗೂ ಹೇಳ್ತಾರೆ. ಊರಿಗೆ ಬಂದಾಗ ಬಾಯಿಗೆ ಅದೇ ಬರ್ತಿತ್ತು, ಕನ್ನಡದಲ್ಲಿ ಅದಕ್ಕೆ ಸಮ ಮಾತು ಹುಡುಕಿ ಹುಡುಕಿ ಸಿಗಲಿಲ್ಲ.

ಧಾರವಾಡದಾಂವ:

ಅಕ್ಕಾರ, ಭಾಳ ಛಲೋ ಬರದೀರಿ. ಒಂದು ಮಾತು ನೆನಪಾತು ನೋಡ್ರಿ, ಕಿಟೆಲ್ ಸಾಹೇಬ್ರು 1853ರಾಗ ಜರ್ಮನಿಯಿಂದ ಬಂದು ನಮ್ಮ ಕಡೆ ಹಳ್ಳಿ ಹಳ್ಳಿ ಅಡ್ಡಾಡಿ ಕನ್ನಡ ಕಲ್ತು 1894ರಾಗ ನಿಘಂಟು ಹೊರಗ ತಂದ್ರು, ನಲವತ್ತು ವರ್ಷದ ದುಡಿಮಿ ಅದು. ಈಗ ನಮ್ಮ ನಾಡಿನ ಹೆಣ್ಣುಮಗಳು ಅರಬ್ಬಿ ಕಲ್ಯಾಕ ಹೋಗ್ಯಾಳಂದ್ರ ಖುಷಿ ಆಗ್ತದ. ಕಲಿಯೂ ಮುಂದ ಕನ್ನಡ ಏನರ ಉಪಯೋಗಕ್ಕ ಬಂತೇನ್ರಿ? ನಮ್ಮ ಉತ್ತರ ಕರ್ನಾಟಕದ ಮಾತಿನಾಗ ಅರಬ್ಬಿ ಶಬ್ದ ಬಹಳ ಅದಾವ ಅಂತ ಕೇಳೀನಿ.

ಬೆಳ್ತಂಗಡಿ ಸಿಸ್ಟರ್:

ಬಂತು ಸರ್! ಕಿಟೆಲರ ನಿಘಂಟು ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ ಅಲ್ವಾ. ಮಕ್ಕಳ ಕ್ಲಾಸಲ್ಲಿ ಒಂದು ಆಟ ಆಡ್ತೇವೆ, ನಾನು ಕನ್ನಡ ಶಬ್ದ ಹೇಳುವುದು, ಅವರಿಗೆ ಅರ್ಥ ಆದ್ರೆ ಕೈ ಎತ್ತುವುದು. ಕುರ್ಚಿ ಅಂದೆ, "ಕುರ್ಸಿ!" ಅಂತ ಬೊಬ್ಬೆ. ಸಾಬೂನು, ಅದೇ. ಖಾಲಿ, ಅದೇ. ತಾರೀಖು, ಜವಾಬು, ಕಾನೂನು, ಎಲ್ಲ ಹೆಚ್ಚುಕಡಿಮೆ ಹಾಗೇ. ಹುಣಸೆಹಣ್ಣಿಗೆ ಅವರ ಹೆಸರು "ತಮ್ರ್ ಹಿಂದಿ", ಇಂಡಿಯಾದ ಖರ್ಜೂರ. ಈ ಮಕ್ಕಳಿಗೆ ತಮ್ಮ ಭಾಷೆ ಬೇರೆ ಊರಿಗೆ ಹೋಗಿ ಮರ್ಯಾದೆಯಲ್ಲಿ ಬದುಕಿದೆ ಅಂತ ಗೊತ್ತಾಗುವಾಗ ಮುಖ ಹೇಗಾಗ್ತದೆ ಅಂತ ನೀವು ನೋಡಬೇಕಿತ್ತು.

ಮಲ್ಲೇಶ್ವರಂ:

ಕೇಳಬಾರದು ಅಂದ್ಕೊಂಡೆ, ಆದ್ರೆ ಕೇಳದೆ ಇದ್ರೆ ಮನಸ್ಸಲ್ಲೇ ಉಳ್ಕೊಳುತ್ತೆ. ಬೇಜಾರು ಮಾಡ್ಕೋಬೇಡಿ ಸಿಸ್ಟರ್. ಎರಡು ಪ್ರಶ್ನೆ. ಒಂದು, ಮಿಷನರಿ ಅಂದ್ರೆ ಮತಾಂತರ ಅಂತ ನಮ್ಮಲ್ಲಿ ಜನ ಅಂದ್ಕೋತಾರೆ, ಮನೆ ಮಠ ಕಳ್ಕೊಂಡಿರೋರ ಹತ್ರ ಹೋಗೋದು ಅದಕ್ಕೇನಾ? ಎರಡು, ಇಲ್ಲಿ ರಾಯಚೂರು ಕಲಬುರಗಿಲಿ ಕಷ್ಟದಲ್ಲಿರೋರು ಇಲ್ವಾ, ಅಷ್ಟು ದೂರ ಯಾಕೆ?

ಬೆಳ್ತಂಗಡಿ ಸಿಸ್ಟರ್:

ಬೇಜಾರಿಲ್ಲ, ಮುಖಕ್ಕೆ ಮುಖ ಕೇಳಿದ್ದು ಒಳ್ಳೆಯದಾಯಿತು.

ಮೊದಲನೆಯದು. ಜೋರ್ಡಾನಿನಲ್ಲಿ ಮುಸ್ಲಿಮರ ಮಧ್ಯೆ ಧರ್ಮಪ್ರಚಾರ ಮಾಡುವ ಹಾಗೆ ಇಲ್ಲ. ಆದ್ರೆ ನಾನು ಕಾನೂನಿನ ಹಿಂದೆ ಅಡಗಿಕೊಂಡು ಉತ್ತರ ಕೊಡುವುದಿಲ್ಲ. ಮನೆ ಇಲ್ಲದವನಿಗೆ, ಕೆಲಸ ಇಲ್ಲದವನಿಗೆ, ಮಗುವಿಗೆ ಹಾಲಿಲ್ಲದವನಿಗೆ ಒಂದು ಚೀಲ ಹಿಟ್ಟು ಕೊಟ್ಟು ಅದರ ಜೊತೆ ನನ್ನ ದೇವರನ್ನೂ ಕಟ್ಟಿಕೊಟ್ಟರೆ, ಅವನು ಹೂಂ ಅಂದದ್ದು ಹಸಿವಿಗಾ ದೇವರಿಗಾ ಅಂತ ನನಗೆ ಹೇಗೆ ಗೊತ್ತಾಗುವುದು? ಹಾಗೆ ಮಾಡಿದ್ರೆ ನಾನು ನಂಬಿದ ಯೇಸುವಿಗೆ ಅವಮಾನ ಮಾಡಿದ ಹಾಗೆ. ನಾನು ಶಿಲುಬೆ ಹಾಕಿಕೊಂಡೇ ಹೋಗ್ತೇನೆ, ಅಡಗಿಸುವುದಿಲ್ಲ. ಯಾಕೆ ಮದುವೆ ಆಗಲಿಲ್ಲ, ಯಾಕೆ ಅಷ್ಟು ದೂರದಿಂದ ಬಂದೆ ಅಂತ ಸಿರಿಯಾದ ಹೆಂಗಸರು ಕೇಳ್ತಾರೆ, ಕೇಳಿದ್ದಕ್ಕೆ ಸತ್ಯ ಹೇಳ್ತೇನೆ. ಅವರು ಅಲ್ಲಾ ಅಂತಾರೆ, ಅರೇಬಿಕ್ ಮಾತಾಡುವ ಕ್ರೈಸ್ತರೂ ಅಲ್ಲಾ ಅಂತಲೇ ಪ್ರಾರ್ಥನೆ ಮಾಡುವುದು, ಅರೇಬಿಕ್ ಬೈಬಲಿನಲ್ಲಿ ದೇವರಿಗೆ ಇರುವ ಶಬ್ದವೇ ಅದು. ರಂಜಾನಿನಲ್ಲಿ ಹೊಲಿಗೆ ಕ್ಲಾಸು ಬೇಗ ಮುಗಿಸ್ತೇವೆ, ಅವರ ಮುಂದೆ ನೀರೂ ಕುಡಿಯುವುದಿಲ್ಲ.

ಎರಡನೆಯದಕ್ಕೆ ನನ್ನ ಹತ್ರ ದೊಡ್ಡ ಉತ್ತರ ಇಲ್ಲ. ಇಲ್ಲಿಯೂ ಕಷ್ಟ ಉಂಟು, ನಮ್ಮ ಸಿಸ್ಟರ್ಸ್ ಕಲಬುರಗಿ ಕಡೆಯೂ ಇದ್ದಾರೆ. ನನ್ನನ್ನು ಅಲ್ಲಿಗೆ ಕಳಿಸಿದರು, ನಾನು ಮನಸ್ಸಿಟ್ಟು ಹೋದೆ.

ಜುಬೈಲ್ ಬ್ಯಾರಿ:

ಮಲ್ಲೇಶ್ವರಂ ಸರ್ ಕೇಳಿದ ಮೊದಲನೇ ಪ್ರಶ್ನೆ ನನ್ನ ಮನಸ್ಸಲ್ಲೂ ಇತ್ತು, ಬರೆಯಲಿಕ್ಕೆ ಧೈರ್ಯ ಬರಲಿಲ್ಲ. ಹಿಟ್ಟಿನ ಚೀಲದ ಮಾತು ಸರಿಯಾಗಿ ಹೇಳಿದ್ರಿ. ಇದು ಎಲ್ಲ ಧರ್ಮದವರಿಗೂ ಅನ್ವಯ, ನಮ್ಮವರಿಗೂ.

ಪಿರಿಯಾಪಟ್ಟಣ:

ನಮ್ಮೂರ ಪಕ್ಕದಲ್ಲೇ ಬೈಲಕುಪ್ಪೆ. ನಮ್ಮ ತಾತ ಹೇಳೋರು, 1961ರಲ್ಲಿ ಟಿಬೆಟ್‌ನೋರು ಬಂದಾಗ ಎಲ್ಲ ಕಾಡು, ಆನೆ ಕಾಟ, ಬಟ್ಟೆ ಟೆಂಟಲ್ಲಿ ಇದ್ದು ಮರ ಕಡ್ದು ಜೋಳ ಹಾಕಿದ್ರು ಅಂತ. ಆಗ ಮೈಸೂರು ಸರ್ಕಾರ ಸುಮಾರು 3000 ಎಕರೆ ಕೊಡ್ತು. ಈಗ ನೋಡಿದ್ರೆ ಸ್ಕೂಲು, ಆಸ್ಪತ್ರೆ, ಮಠ, ಟೂರಿಸ್ಟು, ನಮ್ಮೋರು ಅವರ ಹತ್ರ ವ್ಯಾಪಾರ ಮಾಡ್ತಾರೆ, ಅವರ ಮಕ್ಕಳು ನಮಗಿಂತ ಚೆನ್ನಾಗಿ ಕನ್ನಡ ಮಾತಾಡ್ತವೆ. ಅಲ್ಲಿ ಹಂಗೆ ಜಮೀನು ಗಿಮೀನು ಕೊಟ್ಟವ್ರಾ? ಕ್ಯಾಂಪ್ ಹೆಂಗಿದೆ?

ಬೆಳ್ತಂಗಡಿ ಸಿಸ್ಟರ್:

ಇಲ್ಲ, ಜಮೀನಿನ ಮಾತೇ ಇಲ್ಲ. ಜೋರ್ಡಾನ್ ಸಣ್ಣ ದೇಶ, ಅದಕ್ಕೇ ಕುಡಿಯುವ ನೀರು ಸಾಲದು. ಅಮ್ಮಾನಿನಲ್ಲಿ ವಾರಕ್ಕೆ ಒಂದೇ ದಿವಸ ನಳ್ಳಿ ನೀರು, ಆ ದಿವಸ ಮಾಡಿನ ಮೇಲಿನ ಟ್ಯಾಂಕು ತುಂಬಿಸಿಕೊಳ್ಳದಿದ್ರೆ ವಾರ ಇಡೀ ಕಷ್ಟ. ಅಂಥ ದೇಶ ಆರು ಲಕ್ಷಕ್ಕಿಂತ ಹೆಚ್ಚು ಸಿರಿಯಾದವರಿಗೆ ಜಾಗ ಕೊಟ್ಟದ್ದು, ಅದನ್ನು ಮೆಚ್ಚಲೇಬೇಕು. ಇಂಡಿಯಾದ ಹಾಗೆ ಜೋರ್ಡಾನ್ ಕೂಡ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ.

ಝಾತರಿ ಕ್ಯಾಂಪಿಗೆ ಎರಡು ಸಲ ಹೋಗಿದ್ದೇನೆ. ಸಿರಿಯಾ ಗಡಿಯಿಂದ ಸುಮಾರು 12 ಕಿಲೋಮೀಟರ್. 2012 ಜುಲೈಯಲ್ಲಿ ಟೆಂಟು ಹಾಕಿ ಶುರು ಮಾಡಿದ್ದು, ಮುಂದಿನ ವರ್ಷಕ್ಕೆ ಅಲ್ಲಿ ಒಂದೂವರೆ ಲಕ್ಷದ ಹತ್ರ ಜನ, ಆಮೇಲೆ ಕಡಿಮೆ ಆಗಿ ಹಲವು ವರ್ಷ 80,000ದ ಆಸುಪಾಸು. ಟೆಂಟು ಹೋಗಿ ತಗಡಿನ ಪೆಟ್ಟಿಗೆಯಂಥ ಮನೆ ಬಂದಿದೆ. ಒಳಗೆ ಉದ್ದದ ಅಂಗಡಿ ಬೀದಿ ಉಂಟು, ಮದುವೆ ಡ್ರೆಸ್ ಬಾಡಿಗೆಗೆ, ಫಲಾಫೆಲ್, ಸೈಕಲ್ ರಿಪೇರಿ. ಪ್ಯಾರಿಸಿನ ದೊಡ್ಡ ರಸ್ತೆ ಶಾಂಜ್ ಎಲಿಸೇಯ ಹೆಸರಿಗೆ ಸಿರಿಯಾದ ಹಳೇ ಹೆಸರು ಶಾಮ್ ಸೇರಿಸಿ ಅದಕ್ಕೆ "ಶಾಮ್ಸ್ ಎಲಿಸೇ" ಅಂತ ಕರೀತಾರೆ. ನಾನು ಹೋದಾಗ ಅಂಗಡಿಯಲ್ಲಿ ಕಾರ್ಡು ಇರಲಿಲ್ಲ, ಕಣ್ಣು ಯಂತ್ರಕ್ಕೆ ತೋರಿಸಿದ್ರೆ ರೇಷನ್ ಹಣದಿಂದ ಕಳೀತಿತ್ತು. ಒಬ್ಬರಿಗೆ ತಿಂಗಳಿಗೆ 23 ದಿನಾರ್ ಇದ್ದದ್ದನ್ನು 2023 ಆಗಸ್ಟಿನಲ್ಲಿ 15ಕ್ಕೆ ಇಳಿಸಿದರು, ದುಡ್ಡು ಕೊಡುವ ದೇಶಗಳು ಕೈ ಹಿಂದೆ ತೆಗೆದವು ಅಂತ. ಅದಾದ ಮೇಲೆ ಮನೆಗಳಲ್ಲಿ ಕೋಳಿ ಮಾಯ, ಚಾಗೆ ಸಕ್ಕರೆಯೂ ಲೆಕ್ಕ.

ಆದ್ರೆ ಹತ್ತರಲ್ಲಿ ಎಂಟು ಜನ ಕ್ಯಾಂಪಿನಲ್ಲಿ ಇಲ್ಲ, ಊರಲ್ಲೇ ಬಾಡಿಗೆಗೆ ಇರುವುದು. ನಾವು ಹೋಗುವುದು ಅವರ ಹತ್ರ. ಸಿರಿಯಾದವರಿಗೆ 2016ರಿಂದ ಕೆಲವು ಕೆಲಸಕ್ಕೆ ಪರ್ಮಿಟ್ ಸಿಗ್ತದೆ. ಇರಾಕಿನವರಿಗೆ ಆ ದಾರಿ ಇಲ್ಲ. ಇಂಜಿನಿಯರ್ ಆಗಿದ್ದವರು, ಟೀಚರ್ ಆಗಿದ್ದವರು ಹತ್ತು ವರ್ಷದಿಂದ ಸುಮ್ಮನೆ ಕೂತಿದ್ದಾರೆ, ಆಸ್ಟ್ರೇಲಿಯಾ ಕೆನಡಾದಿಂದ ಒಂದು ಇಮೇಲ್ ಬರ್ತದೆ ಅಂತ. ನನ್ನ ಅಂಬಾ ಅಮ್ಮ ದಿನಕ್ಕೆ ನಾಲ್ಕು ಸಲ ಫೋನ್ ತೆಗೆದು ನೋಡ್ತಾರೆ.

ಕುವೈತ್ ನರ್ಸ್:

ಸಿಸ್ಟರ್, ನಾನು ಶಿರ್ವದವಳು. ನಿಮ್ಮ ಅಪ್ಪ ಅಮ್ಮ ಹೇಗೆ ಒಪ್ಪಿದರು? ನಾನು ಕುವೈತಿಗೆ ಬರುವಾಗಲೇ ಮನೆಯಲ್ಲಿ ಕೂಗಾಟ, ಅದೂ ಸಂಬಳದ ಕೆಲಸ. ಹೆದರಿಕೆ ಆಗುವುದಿಲ್ವಾ ನಿಮಗೆ?

ಬೆಳ್ತಂಗಡಿ ಸಿಸ್ಟರ್:

ಅಪ್ಪ ಒಪ್ಪಿದ್ರು, ಅಮ್ಮನಿಗೆ ಕಷ್ಟ ಆಯಿತು. 2016 ಮಾರ್ಚಿನಲ್ಲಿ ಯೆಮನ್‌ನ ಏಡನ್‌ನಲ್ಲಿ ಮದರ್ ತೆರೇಸಾ ಅವರ ಸಭೆಯ ನಾಲ್ಕು ಸಿಸ್ಟರ್ಸನ್ನು ಕೊಂದದ್ದು, ಫಾದರ್ ಟಾಮ್ ಅವರನ್ನು ಎತ್ತಿಕೊಂಡು ಹೋದದ್ದು ನಿಮಗೆ ನೆನಪಿರಬಹುದು. ಫಾದರ್ ಸಲೇಶಿಯನ್ ಗುರುಗಳ ಸಭೆಯ ನಮ್ಮ ಬೆಂಗಳೂರು ಪ್ರಾಂತ್ಯದವರು. ನಾನು ಆಗಷ್ಟೇ ಕಾನ್ವೆಂಟ್ ಸೇರಿದ್ದೆ. 2017 ಸೆಪ್ಟೆಂಬರಿನಲ್ಲಿ ಅವರು ಬಿಡುಗಡೆ ಆಗುವವರೆಗೆ ನಮ್ಮ ಮನೆಯಲ್ಲಿ ರಾತ್ರಿ ತೇರ್ಸ, ಅಂದ್ರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ಅವರಿಗೆ ಒಂದು ಪ್ರಾರ್ಥನೆ ಹೆಚ್ಚಿಗೆ. ಹಾಗಾಗಿ ಅರಬ್ ದೇಶ ಅಂದ ಕೂಡಲೇ ಅಮ್ಮನಿಗೆ ಕಣ್ಣಿಗೆ ಬಂದದ್ದು ಅದೇ. ಅಮ್ಮಾನ್ ಏಡನ್ ಅಲ್ಲ, ಇಲ್ಲಿ ಶಾಂತಿ ಉಂಟು ಅಂತ ಎಷ್ಟು ಹೇಳಿದ್ರೂ ಏರ್‌ಪೋರ್ಟಿನಲ್ಲಿ ಕೈ ಬಿಡಲಿಲ್ಲ.

ಹೆದರಿಕೆ ಆದದ್ದು ಒಂದ್ಸಲ, 2025 ಜೂನಿನಲ್ಲಿ ಇರಾನ್ ಇಸ್ರೇಲ್ ಯುದ್ಧದ ದಿವಸಗಳಲ್ಲಿ. ಕ್ಷಿಪಣಿಗಳು ಅಮ್ಮಾನಿನ ಮೇಲಿಂದಲೇ ಹೋಗ್ತಿದ್ದವು, ಸೈರನ್ ಹೊಡೀತಿತ್ತು. ನಾನು ಆಗ ಸಿರಿಯಾದ ದರಾ ಊರಿನ ಒಬ್ಬ ಅಜ್ಜಿಯ ಮನೆಯಲ್ಲಿದ್ದೆ. ಏನು ಅಂತ ನೋಡುವ ಅಂತ ಕಿಟಕಿ ಹತ್ರ ಹೋದೆ. ಅಜ್ಜಿಗೆ ಮೊಣಕಾಲು ನೋವು, ಚಾಪೆಯಿಂದ ಏಳಲಿಕ್ಕೆ ಇಬ್ಬರು ಹಿಡಿಯಬೇಕು. ಆ ಅಜ್ಜಿ ಹೇಗೆ ಎದ್ದರೋ, ನನ್ನ ತೋಳು ಹಿಡಿದು ಎಳೆದು ಒಳಗಿನ ಗೋಡೆಯ ಮೂಲೆಯಲ್ಲಿ ಕೂರಿಸಿ ನನ್ನ ಮುಂದೆ ತಾವು ಕೂತರು. ಗಾಜಿನ ಹತ್ರ ಹೋಗಬಾರದು ಬಿಂತಿ, ನಿನಗೆ ಯಾರೂ ಹೇಳಿಕೊಟ್ಟಿಲ್ವಾ ಅಂತ ಕೇಳಿದರು. ಸೈರನ್ ನಿಂತ ಮೇಲೆ ಪುದೀನ ಹಾಕಿ ಚಾ ಮಾಡಿಸಿ ಕುಡಿಸಿದರು. ಅಮ್ಮನಿಗೆ ಫೋನಲ್ಲಿ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಮತ್ತೆ ಆ ಅಜ್ಜಿಯ ಹೆಸರೆಂತ, ತೇರ್ಸದಲ್ಲಿ ಹೇಳಬೇಕು ಅಂದರು.

ನೆಲ್ಯಾಡಿ:

ನಮ್ಮದು ಸಿರಿಯನ್ ಕ್ಯಾಥೋಲಿಕ್ ಕುಟುಂಬ, ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ಇಲ್ಲಿ ರಬ್ಬರ್ ಹಾಕಿದವರು. ಖರಖೋಶ್‌ನವರು ಮನೆಯಲ್ಲಿ ಮಾತಾಡುವುದು ಅರೇಬಿಕಾ, ಸುರಿಯಾನಿಯಾ? ನಮ್ಮ ಕುರ್ಬಾನದಲ್ಲಿ, ಅಂದ್ರೆ ಪೂಜೆಯಲ್ಲಿ, ಈಗಲೂ ಸುರಿಯಾನಿಯಲ್ಲಿ "ಖಂದೀಶಾ ಆಲಾಹಾ" ಹಾಡ್ತೇವೆ, ಅರ್ಥ ಪವಿತ್ರ ದೇವರೇ ಅಂತ.

ಬೆಳ್ತಂಗಡಿ ಸಿಸ್ಟರ್:

ಮನೆಯಲ್ಲಿ ಸುರೆತ್, ಅಂದ್ರೆ ಯೇಸುಸ್ವಾಮಿ ಮಾತಾಡಿದ ಅರಾಮಿಕ್ ಭಾಷೆಯ ಇವತ್ತಿನ ರೂಪ. ಹೊರಗೆ ಅರೇಬಿಕ್. ಮಕ್ಕಳಿಗೆ ಈಗ ಅರೇಬಿಕ್ಕೇ ಹೆಚ್ಚು, ಅದು ದೊಡ್ಡವರಿಗೆ ದೊಡ್ಡ ಸಂಕಟ. ನೀವು ಬರೆದ ಆ ಸಾಲನ್ನು ರೆಕಾರ್ಡ್ ಮಾಡಿ ಕಳಿಸ್ತೀರಾ? ನಮ್ಮ ಅಂಬಾ ಅಮ್ಮನಿಗೆ ಕೇಳಿಸಬೇಕು.

ಕಂಕನಾಡಿ:

ನನ್ನದೂ ಒಂದು ಸೇರಿಸ್ತೇನೆ. ಅರೇಬಿಕ್ ಮಾತಾಡುವ ಒಬ್ಬ ಸಿಸ್ಟರ್ 150 ವರ್ಷ ಹಿಂದೆ ನಮ್ಮ ಮಂಗಳೂರಿಗೇ ಬಂದಿದ್ದರು, ಎಷ್ಟು ಜನರಿಗೆ ಗೊತ್ತುಂಟೋ. ಸಂತ ಮರಿಯಂ ಬವಾರ್ದಿ. 1846ರಲ್ಲಿ ಗಲಿಲೇಯದ ಇಬಿಲ್ಲಿನ್ ಹಳ್ಳಿಯಲ್ಲಿ ಹುಟ್ಟಿದವರು, ಸಣ್ಣದಿರುವಾಗಲೇ ತಂದೆ ತಾಯಿ ತೀರಿಹೋದರು, ಮನೆಗೆಲಸ ಮಾಡಿ ಬದುಕಿದವರು. ಫ್ರಾನ್ಸಿನ ಕಾರ್ಮೆಲ್ ಮಠ ಸೇರಿ 1870ರಲ್ಲಿ ಮಂಗಳೂರಿಗೆ ಬಂದರು, 1871 ನವೆಂಬರಿನಲ್ಲಿ ಇಲ್ಲೇ ವ್ರತ ತೆಗೆದುಕೊಂಡರು. ಆಮೇಲೆ ವಾಪಸ್ ಹೋಗಿ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಕಟ್ಟಿಸಿ 1878ರಲ್ಲಿ ಅಲ್ಲೇ ತೀರಿಕೊಂಡರು, 32 ವರ್ಷವಷ್ಟೇ. 2015 ಮೇ 17ಕ್ಕೆ ಪೋಪ್ ಫ್ರಾನ್ಸಿಸ್ ಸಂತ ಪದವಿ ಕೊಟ್ಟರು. ಅವರು ಆ ಕಡೆಯಿಂದ ಇಲ್ಲಿಗೆ, ನೀವು ಇಲ್ಲಿಂದ ಆ ಕಡೆಗೆ.

ಬೆಳ್ತಂಗಡಿ ಸಿಸ್ಟರ್:

ನಾನು ಹೊರಡುವ ಮೊದಲು ಕಂಕನಾಡಿಗೆ ಹೋಗಿ ಅವರಿಗೆ ಪ್ರಾರ್ಥನೆ ಮಾಡಿಯೇ ಹೋದದ್ದು! ಮಂಗಳೂರಿನಲ್ಲಿ ಅವರಿಗೆ ಭಾಷೆ ಬರ್ತಿರಲಿಲ್ಲ, ಸೆಖೆ, ಮಳೆ, ಊಟ ಬೇರೆ. ಅರೇಬಿಕ್‌ನಲ್ಲಿ ಮಾತಾಡಲಿಕ್ಕೆ ಒಬ್ಬರೂ ಇರಲಿಲ್ಲವೇನೋ ಅಂತ ಯೋಚನೆ ಮಾಡ್ತೇನೆ. ಅಮ್ಮಾನಿನಲ್ಲಿ ಮೊದಲ ಆರು ತಿಂಗಳು ನನಗೆ ಕನ್ನಡ, ಕೊಂಕಣಿ ಕೇಳಬೇಕು ಅಂತ ಆಗುವಾಗ ಅವರದ್ದೇ ನೆನಪು.

ಮಲ್ಲೇಶ್ವರಂ:

ಉತ್ತರಕ್ಕೆ ಥ್ಯಾಂಕ್ಸ್ ಸಿಸ್ಟರ್. ಇನ್ನೊಂದೇ ಒಂದು. 2024 ಡಿಸೆಂಬರ್‌ನಲ್ಲಿ ಅಸ್ಸಾದ್ ಸರ್ಕಾರ ಬಿತ್ತಲ್ಲ, ಈಗ ಸಿರಿಯಾದೋರು ಎಲ್ಲ ವಾಪಸ್ ಹೋಗ್ತಿದಾರಾ?

ಬೆಳ್ತಂಗಡಿ ಸಿಸ್ಟರ್:

ಡಿಸೆಂಬರ್ 8ರ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಮಿಠಾಯಿ ಹಂಚಿದರು, ದರಾದ ಅಜ್ಜಿ ಅತ್ತು ಅತ್ತು ಸ್ವರ ಹೋಗಿತ್ತು. ಸುಮಾರು ಜನ ಹೋದರು, ಈಗಲೂ ಹೋಗ್ತಾ ಇದ್ದಾರೆ. ಆದ್ರೆ ಪ್ರತಿ ಮನೆಯಲ್ಲಿ ಜಗಳ ಉಂಟು. ಅಜ್ಜಿಗೆ ನಾಳೆಯೇ ಹೋಗಬೇಕು, ಮಗ ಹೋಗಿ ನೋಡಿ ಬಂದ, ಮನೆಗೆ ಮಾಡು ಇಲ್ಲ, ಗೋಡೆ ಮಾತ್ರ ಉಂಟು. ಮೊಮ್ಮಕ್ಕಳು ಹುಟ್ಟಿದ್ದು ಅಮ್ಮಾನಿನಲ್ಲಿ, ಅವರಿಗೆ ಅದು ಅಜ್ಜಿ ಹೇಳುವ ಊರು ಅಷ್ಟೇ. ಹೋಗಿ ಅಂತಲೂ ಇರಿ ಅಂತಲೂ ನಾನು ಹೇಳುವುದಿಲ್ಲ. ಜಗಳ ನಡೆಯುವಾಗ ಚಾಪೆಯಲ್ಲಿ ಕೂತಿರ್ತೇನೆ, ಸಣ್ಣ ಮಗು ನನ್ನ ಮಡಿಲಲ್ಲಿ ನಿದ್ದೆ.

ಇರಾಕಿನವರಿಗೆ ಆ ಜಗಳ ಕೂಡ ಇಲ್ಲ. ಖರಖೋಶ್‌ನಲ್ಲಿ ಅರ್ಧದಷ್ಟು ಜನ ವಾಪಸ್ ಬಂದು ಮನೆ ಕಟ್ಟಿದ್ದಾರೆ, 2021 ಮಾರ್ಚಿನಲ್ಲಿ ಪೋಪ್ ಫ್ರಾನ್ಸಿಸ್ ಸುಟ್ಟ ಚರ್ಚನ್ನು ಸರಿ ಮಾಡಿದ ಮೇಲೆ ಅಲ್ಲಿಗೆ ಹೋಗಿದ್ದರು, ಅಂಬಾ ಅಮ್ಮ ಅದರ ವಿಡಿಯೋ ಇಟ್ಟುಕೊಂಡಿದ್ದಾರೆ. ನೀವು ಹೋಗ್ತೀರಾ ಅಂತ ನಾನು ಕೇಳಿಲ್ಲ. ಅವರಾಗಿಯೇ ಒಂದು ದಿನ, ಅಲ್ಲಿ ನನ್ನ ನೆರೆಕರೆಯವರು ಯಾರೂ ಉಳಿದಿಲ್ಲ ಬಿಂತಿ, ಗೋಡೆಯ ಹತ್ರ ಮಾತಾಡಲಿಕ್ಕೆ ಆಗ್ತದಾ ಅಂದರು.

ನೆಲ್ಯಾಡಿ:

ಸಿಸ್ಟರ್, ನಮ್ಮ ಅಮ್ಮಚ್ಚಿ ಕೈಯಲ್ಲೇ ಹಾಡಿಸಿ ರೆಕಾರ್ಡ್ ಮಾಡಿದ್ದೇನೆ, 81 ವರ್ಷ, ಸ್ವರ ಸ್ವಲ್ಪ ನಡುಗ್ತದೆ. ಇನ್‌ಬಾಕ್ಸಿಗೆ ಕಳಿಸಿದ್ದೇನೆ ನೋಡಿ.

ಜುಬೈಲ್ ಬ್ಯಾರಿ:

ಸಿಸ್ಟರ್, ಮೇಲೆ ಕೇಳಿದ್ರಲ್ಲ "ಯಾತೀಕ್ ಅಲ್ ಆಫ್ಯೆ"ಗೆ ಕನ್ನಡ. ನಮ್ಮ ಉಮ್ಮ ಗದ್ದೆ ಕೆಲಸದವರಿಗೆ ದಾರಿಯಲ್ಲಿ "ಬಚ್ಚಿತಾ ಮಕ್ಕಳೇ" ಅಂತ ಕೇಳಿಕೊಂಡು ಹೋಗ್ತಿದ್ದರು, ದಣಿವಾಯ್ತಾ ಅಂತ. ಅದು ಹತ್ರ ಹತ್ರ ಬರ್ತದೆ ಅಂತ ನನಗೆ.

ಬೆಳ್ತಂಗಡಿ ಸಿಸ್ಟರ್:

ಬಚ್ಚಿತಾ! ಹೌದು ಮಾರಾಯ್ರೆ, ಅದೇ. ನಾಳೆ ಮಕ್ಕಳಿಗೆ ಹೇಳಿಕೊಡ್ತೇನೆ.

ನೆಲ್ಯಾಡಿಯವರೇ, ಇವತ್ತು ಸಂಜೆ ಅಂಬಾ ಅಮ್ಮನಿಗೆ ಕೇಳಿಸಿದೆ. ಮೊದಲ ಶಬ್ದಕ್ಕೇ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಎರಡನೇ ಸಲ ಹಾಕಿದಾಗ ಒಟ್ಟಿಗೆ ಹಾಡಿದರು, ಉಚ್ಚಾರ ಸ್ವಲ್ಪ ಬೇರೆ ಆದರೂ ಶಬ್ದ ಅದೇ. ಮೂರನೇ ಸಲ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಕಿವಿಗೆ ಇಟ್ಟುಕೊಂಡು ಅಡುಗೆ ಕೋಣೆಗೆ ಹೋದರು. ನಿಮ್ಮ ಅಮ್ಮಚ್ಚಿಗೆ ಒಂದು ಬಾಟಲಿ ಅಂಬಾ ಕಟ್ಟಿಟ್ಟಿದ್ದಾರೆ, ಯಾರಾದರೂ ಊರಿಗೆ ಹೋಗುವವರು ಸಿಕ್ಕಿದ್ರೆ ಕಳಿಸ್ತೇನೆ.

ನಳ್ಳಿಯಲ್ಲಿ ನೀರು ಬಂತು, ಟ್ಯಾಂಕು ತುಂಬಿಸಬೇಕು. ಉಳಿದವರಿಗೆ ನಾಳೆ ಉತ್ತರ ಬರೀತೇನೆ.